ನೋಡುಗೂಲಿ

ಕೇರಳಕ್ಕೆ ಕಾಲಿಟ್ಟ ಮೊದಲ ದಿನವೇ ನನ್ನ ಸಂಸಾರದ ಬಗ್ಗೆ ಪ್ರಶ್ನೆ ಎದ್ದಿತು. 2018ರ ಜೂನ್ ತಿಂಗಳು. ಎರ್ನಾಕುಲಂನಲ್ಲಿ ಬಾಡಿಗೆಗೆ ಗೊತ್ತು ಮಾಡಿಕೊಂಡಿದ್ದ ಮನೆಯ ಮುಂದೆ ನಾನೂ ನನ್ನ ಹೆಂಡತಿಯೂ ಒಂದೇ ಕೊಡೆಯಡಿ ಅರ್ಧರ್ಧ ನೆನೆಯುತ್ತ ನಿಂತಿದ್ದೆವು. ಮಾಲೀಕರು ಬಾಗಿಲು ತೆರೆದು, ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ, "ಮಲಯಾಳಂ ಸಂಸಾರಿಕ್ಕುಮೋ?" ಎಂದರು. ಇಪ್ಪತ್ತೆಂಟು ವರ್ಷ ಕನ್ನಡದಲ್ಲಿ ಹೇಗೋ ನಡೆಸಿಕೊಂಡು ಬಂದ ಸಂಸಾರವನ್ನು ಈ ವಯಸ್ಸಿನಲ್ಲಿ ಇನ್ನೊಂದು ಭಾಷೆಗೆ ಬದಲಾಯಿಸಬೇಕೇ ಎಂದು ನಾನು ಗಾಬರಿಯಾದೆ. ಮಲಯಾಳದಲ್ಲಿ ಸಂಸಾರವೆಂದರೆ ಮಾತು ಎಂದು ತಿಳಿದದ್ದು ಆಮೇಲೆ. ಹೆಂಡತಿಗೆ ಅದನ್ನು ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮಾತಿಲ್ಲದೆ ನಡೆದದ್ದು ನಮ್ಮದೊಂದೇ ಇರಬೇಕು" ಎಂದಳು.

ಬ್ಯಾಂಕಿನಲ್ಲೂ ಹೀಗೇ ಆಯಿತು. ಹೊಸ ಮ್ಯಾನೇಜರ ಗತ್ತಿನಲ್ಲಿ ಕುಳಿತು, ಬಾಕಿದಾರರ ಪಟ್ಟಿ ಬೇಕಾಗಿ, ಕಲಿತ ಒಂದೆರಡು ಮಲಯಾಳಂ ಪದಗಳನ್ನು ಕೂಡಿಸಿ, "ಪಟ್ಟಿ ಎವಿಡೆ?" ಎಂದು ಗಟ್ಟಿಯಾಗಿ ಕೇಳಿದೆ. ಹುಡುಗಿಯೊಬ್ಬಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅವರ ಭಾಷೆಯಲ್ಲಿ ಪಟ್ಟಿ ಎಂದರೆ ನಾಯಿ. ಸಾಲ ತೀರಿಸದವರ ಹೆಸರು ಕೇಳುವ ಮೊದಲು ನಾಯಿಯನ್ನು ಕರೆಯುವ ಮ್ಯಾನೇಜರ್ ಬಂದಿದ್ದಾನೆ ಎಂಬ ಸುದ್ದಿ ಸಂಜೆಯ ಹೊತ್ತಿಗೆ ಎದುರಿನ ಚಹಾದಂಗಡಿಯವರೆಗೆ ಮುಟ್ಟಿತ್ತು. ಆ ವರ್ಷ ವಸೂಲಿ ಸ್ವಲ್ಪ ಚೆನ್ನಾಗಿಯೇ ಆಯಿತು.

ಎಷ್ಟೋ ಪದಗಳು ಹೀಗೆ ಗಡಿ ದಾಟಿದೊಡನೆ ವೇಷ ಬದಲಿಸುತ್ತವೆ. ಎರಡು ಪದಗಳು ಮಾತ್ರ ನಮ್ಮ ಊರು ಸಾಗರದಲ್ಲಿ ಹೇಗಿದ್ದವೋ ಕೊಚ್ಚಿಯಲ್ಲೂ ಹಾಗೇ ಇದ್ದವು. ಒಂದು ಕಳ್ಳ, ಇನ್ನೊಂದು ಮನುಷ್ಯ. ಈ ಎರಡು ಪದಗಳ ಮೇಲೆಯೇ ನನ್ನ ಮುಂದಿನ ಪುರಾಣ ನಿಂತಿದೆ.

ಕೊಚ್ಚಿಗೆ ಹೊರಟಾಗ ಸಹೋದ್ಯೋಗಿಗಳು ಕೊಟ್ಟ ಎಚ್ಚರಿಕೆಗಳಲ್ಲಿ ಮುಖ್ಯವಾದದ್ದು 'ನೋಕ್ಕುಕೂಲಿ'. ಕನ್ನಡದಲ್ಲಿ ಹೇಳುವುದಾದರೆ ನೋಡುಗೂಲಿ. ನಮ್ಮ ಸಾಮಾನನ್ನು ನಾವೇ ಇಳಿಸಿಕೊಂಡರೂ, ಪಕ್ಕದಲ್ಲಿ ನಿಂತು ನೋಡಿದ ಹಮಾಲಿಗಳಿಗೆ ಕೊಡಬೇಕಾಗಿದ್ದ ಕೂಲಿ ಅದು. ನಾನು ಬರುವ ಒಂದು ತಿಂಗಳ ಮೊದಲು, 2018ರ ಮೇ 1ರಿಂದ, ಕೇರಳ ಸರ್ಕಾರವೇ ಅದನ್ನು ನಿಲ್ಲಿಸಿತ್ತು. ಕೇಳಿದವರೆಲ್ಲ ಇದೆಂಥ ಅನ್ಯಾಯ ಎನ್ನುತ್ತಿದ್ದರು, ನಾನೂ ಎಂದೆ. ಆದರೆ ರಾತ್ರಿ ಮಲಗಿ ಯೋಚಿಸಿದಾಗ ಸಣ್ಣ ಅಳುಕು ಹುಟ್ಟಿತು. 1986ರಲ್ಲಿ ಕೆಲಸಕ್ಕೆ ಸೇರಿದವನು ನಾನು. ಮೊದಲ ಹತ್ತು ವರ್ಷ ನೋಟು ಎಣಿಸಿದ್ದು ಬಿಟ್ಟರೆ, ಉಳಿದ ಕಾಲವೆಲ್ಲ ಬೇರೆಯವರು ಕೆಲಸ ಮಾಡುವುದನ್ನು ನೋಡಿ, ಕೆಳಗೊಂದು ಸಹಿ ಹಾಕಿ ಸಂಬಳ ತೆಗೆದುಕೊಂಡವನು. ಇದಕ್ಕೆ ನೋಡುಗೂಲಿ ಎನ್ನದೆ ಬೇರೆ ಹೆಸರಿದೆಯೇ? ನನ್ನದಕ್ಕೆ ತುಟ್ಟಿಭತ್ಯೆಯೂ ಸೇರುತ್ತಿತ್ತು.

ಅದೂ ಸುಮ್ಮನೆ ನೋಡುವುದಲ್ಲ, ಅನುಮಾನದಿಂದ ನೋಡುವುದು. ಸಹಿ ಹಳೆಯದಕ್ಕೆ ಹೊಂದುತ್ತದೆಯೇ, ಐನೂರರ ನೋಟಿನ ದಾರ ಹೊಳೆಯುತ್ತದೆಯೇ, ಅಡವಿಟ್ಟ ಬಳೆಯ ಒಳಗೆ ಅರಗೆಷ್ಟು, ಸಾಲ ಕೇಳುವವನ ಕಣ್ಣು ಎತ್ತ ಹೊರಳುತ್ತದೆ, ಇದೇ ಮೂವತ್ತು ವರ್ಷದ ಅಭ್ಯಾಸ. ಸಂಜೆ ಆರಕ್ಕೆ ಬ್ಯಾಂಕಿನ ಬೀಗ ಹಾಕಬಹುದು, ಕಣ್ಣಿಗೆ ಹಾಕಲು ಬರುವುದಿಲ್ಲ. ಮದುವೆಮನೆಯಲ್ಲಿ ಉಡುಗೊರೆಯ ಲಕೋಟೆ ಕೊಡುವಾಗ ಕೂಡ ನಾನು ತೆಗೆದುಕೊಳ್ಳುವವನ ಬೆರಳುಗಳನ್ನೇ ನೋಡುತ್ತೇನೆ ಎಂಬುದು ಹೆಂಡತಿಯ ದೂರು.

ಹೊಸದಾಗಿ ಸೇರಿದ ಗುಮಾಸ್ತರಿಗೆ ಎಚ್ಚರಿಕೆಯ ಪಾಠ ಹೇಳುವ ಕೆಲಸವೂ ಆಗಾಗ ನನ್ನ ಪಾಲಿಗೆ ಬರುತ್ತಿತ್ತು. ಸುತ್ತೋಲೆ ಓದಿದರೆ ಹುಡುಗರು ತೂಕಡಿಸುತ್ತಾರೆ. ಅದಕ್ಕೆ ಒಂದು ಕಥೆ ಹೇಳುತ್ತಿದ್ದೆ. ದೂರದ ಊರು. ಒಬ್ಬ ಹೋಟೆಲಿನಲ್ಲಿ ಊಟ ಮಾಡುತ್ತಾನೆ. ದುಡ್ಡು ಕೊಡಲು ಜೇಬಿಗೆ ಕೈ ಹಾಕಿದರೆ ಪರ್ಸಿಲ್ಲ. ಹೋಟೆಲಿನವನು ಮೈಮೇಲಿನ ಬಟ್ಟೆ ಬಿಚ್ಚಿಸತೊಡಗುತ್ತಾನೆ. ಆಗ ಅಪರಿಚಿತನೊಬ್ಬ ಮುಂದೆ ಬಂದು ಹಣ ಕೊಟ್ಟು ಬಿಡಿಸುತ್ತಾನೆ. ಇಷ್ಟು ಹೇಳಿ ನಾನು ಕೇಳುತ್ತಿದ್ದೆ, "ಯಾರು ಆ ಪುಣ್ಯಾತ್ಮ?" ಹುಡುಗರು ದೇವರು, ಸಂತ ಎಂದೆಲ್ಲ ಹೇಳುತ್ತಿದ್ದರು. ನಾನು ಕನ್ನಡಕ ಸರಿಪಡಿಸಿಕೊಂಡು, "ಆ ಪರ್ಸು ಕದ್ದವನೇ ಅವನು! ಅವನ ಜೇಬಿನಲ್ಲಿ ಒಟ್ಟು ಐದು ಪರ್ಸು ಇದ್ದವು!" ಎನ್ನುತ್ತಿದ್ದೆ. ನೀತಿ: ಕೇಳದೆ ಉಪಕಾರ ಮಾಡುವವನ ಜೇಬನ್ನು ಮೊದಲು ನೋಡಿ. ತರಬೇತಿಗೆ ಬಂದವರು ಅಲ್ಲಿ ಎಚ್ಚರವಾಗುತ್ತಿದ್ದರು. ಇಪ್ಪತ್ತು ವರ್ಷ ಈ ಕಥೆಯಿಂದ ಒಳ್ಳೆಯ ಹೆಸರು ಪಡೆದೆ.

ಕಥೆ ನನ್ನದಲ್ಲ, ಮಲಯಾಳಂ ಕಥೆಗಾರ ವೈಕಂ ಮಹಮ್ಮದ್ ಬಷೀರರದ್ದು. 'ಒರು ಮನುಷ್ಯನ್' ಎಂದು ಅದರ ಮಲಯಾಳಂ ಹೆಸರು. ಸಾಗರದ ಶಾಖೆಯಲ್ಲಿ ಎಳೆಯ ಗುಮಾಸ್ತನಾಗಿದ್ದಾಗ ಬಷೀರರ ಕಥೆಗಳ ಕನ್ನಡ ಅನುವಾದವೊಂದು ನನ್ನ ಕೈಗೆ ಬಂದಿತ್ತು. ಅದು ನನ್ನ ಅಚ್ಚುಮೆಚ್ಚಿನ ಪುಸ್ತಕವಾಗಿಬಿಟ್ಟಿತು. ದಿಂಬಿನ ಪಕ್ಕ ಇಟ್ಟುಕೊಂಡು, ರಾತ್ರಿ ಲೈಟು ಹೋದರೆ ಚಿಮಣಿ ಹಚ್ಚಿಕೊಂಡು ಓದುತ್ತಿದ್ದೆ. ಆಡು, ಬೆಕ್ಕು, ಕಳ್ಳ, ಹುಚ್ಚ, ಜೈಲಿನ ಕೈದಿ, ಎಲ್ಲರೂ ಒಂದೇ ಅಂಗಳದಲ್ಲಿ ಓಡಾಡುವ ಅಂಥ ಮನೆಯನ್ನು ನಾನು ಬೇರೆ ಯಾರ ಬರವಣಿಗೆಯಲ್ಲೂ ಕಂಡಿರಲಿಲ್ಲ.

1994ರ ಜುಲೈ 5ರಂದು ಬಷೀರ್ ತೀರಿಕೊಂಡರು. ಸುದ್ದಿ ಬಂದ ದಿನ ಗೆಳೆಯನೊಬ್ಬನ ಮನೆಯಲ್ಲಿ ಆ ಪುಸ್ತಕ ಇಟ್ಟುಕೊಂಡು ಮಾತಾಡಿದ್ದು ನೆನಪಿದೆ. ಈ ಗೆಳೆಯ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಆಮೇಲೆ ಹೈಸ್ಕೂಲು ಮೇಷ್ಟ್ರಾದ್ದರಿಂದ ನನಗೂ ಮೇಷ್ಟ್ರೇ ಆದ. ಹೊರಗೆ ಜಡಿಮಳೆ, ಒಳಗೆ ಹಲಸಿನ ಹಪ್ಪಳ. ಆ ಸಂಜೆಯ ಮೇಲೆ ಪುಸ್ತಕ ನನ್ನ ಕಣ್ಣಿಗೆ ಬೀಳಲಿಲ್ಲ.

ಯಾರ ಮೇಲೆ ಅನುಮಾನ ಬರಬೇಕೋ ಅವನ ಮೇಲೇ ಬಂತು. ಪುಸ್ತಕ ಪರರ ಕೈಗೆ ಹೋದರೆ ಹೋದಂತೆಯೇ ಎಂದು ಹಿರಿಯರು ಸಂಸ್ಕೃತದಲ್ಲೇ ಹೇಳಿಟ್ಟಿದ್ದಾರೆ. ಆದರೆ ಮೇಷ್ಟ್ರನ್ನು ನೇರವಾಗಿ ಕೇಳುವುದು ಹೇಗೆ? ಸಾಲಗಾರನಿಗೆ ನೋಟಿಸು ಕೊಟ್ಟು ಅಭ್ಯಾಸವಿದ್ದ ನನಗೆ ಗೆಳೆಯನಿಗೆ ನೋಟಿಸು ಕೊಡುವ ಧೈರ್ಯ ಬರಲಿಲ್ಲ. ಹಾಗಾಗಿ ಅವನ ಮನೆಗೆ ಹೋದಾಗಲೆಲ್ಲ, ಅವನ ಹೆಂಡತಿ ಕಾಫಿ ತರುವಷ್ಟರಲ್ಲಿ, ಕೈ ಹಿಂದೆ ಕಟ್ಟಿಕೊಂಡು ಅವನ ಪುಸ್ತಕದ ಕಪಾಟನ್ನು ಕಣ್ಣಲ್ಲೇ ಜಾಲಾಡುತ್ತಿದ್ದೆ. ಸಿಗಲಿಲ್ಲ. ಬಚ್ಚಿಟ್ಟಿದ್ದಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅವನು ಮಾತ್ರ ಪ್ರತಿ ವರ್ಷ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದ. ನಾನು ಅದನ್ನು ತಪ್ಪಿತಸ್ಥನ ಪ್ರಾಯಶ್ಚಿತ್ತವೆಂದು ಜಮಾ ಮಾಡಿಕೊಂಡು ಉಣ್ಣುತ್ತಿದ್ದೆ.

ಹೀಗೆ ಅನುಮಾನದ ಗಂಟನ್ನು ಹೊತ್ತೇ ನಾನು ಬಷೀರರ ನಾಡಿಗೆ ಬಂದಿಳಿದಿದ್ದೆ.

ಬಂದು ಬಹಳ ದಿನವಾಗಿರಲಿಲ್ಲ, ಮಹಾಪ್ರವಾಹ ಬಂತು. ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು. ಆಗಸ್ಟ್ 15ರಂದು ಮುಚ್ಚಿದ ಕೊಚ್ಚಿ ವಿಮಾನ ನಿಲ್ದಾಣ ಮತ್ತೆ ತೆರೆದದ್ದು 29ಕ್ಕೆ. ಅದಕ್ಕೆ ಮೊದಲು ಭಾನುವಾರಗಳಲ್ಲಿ ನಾನು ಫೋರ್ಟ್ ಕೊಚ್ಚಿಗೆ ಹೋಗುತ್ತಿದ್ದೆ. ಮೀನು ತಿನ್ನುವವನಲ್ಲ, ಅಲ್ಲಿನ ಮೀನು ವ್ಯಾಪಾರದ ಜಗಳ ನೋಡುವುದೇ ಒಂದು ಸೊಗಸು. ಚೀನೀ ಬಲೆಗಳ ದಡದಲ್ಲಿ ನಾಲ್ಕಾರು ಜನ ಹಗ್ಗ ಜಗ್ಗಿ, ಕಲ್ಲಿನ ಭಾರದ ಸಹಾಯದಿಂದ ಬಲೆಯನ್ನು ಮೇಲೆತ್ತುತ್ತಾರೆ. ಒಳಗೆ ಹಿಡಿಯಷ್ಟು ಮೀನು, ಒಂದಿಷ್ಟು ಜಲಸಸ್ಯ. ಆ ಹಿಡಿ ಮೀನಿಗೆ ಐದು ರೂಪಾಯಿ ಹೆಚ್ಚು ಕಡಿಮೆಯಾದರೂ ಆಗುವ ಗಲಾಟೆ ಕೇಳಿದರೆ ಯಾರದೋ ತಲೆ ಉರುಳಿತೆಂದೇ ಅನ್ನಿಸುತ್ತಿತ್ತು. 'ದುಡ್ಡಿಗೆ ಬಾಯಿ ಬಿಡುವ ಜನ' ಎಂದು ನಾನು ಮನಸ್ಸಿನಲ್ಲೇ ಒಂದು ಸಹಿ ಹಾಕಿ ಕಡತ ಮುಚ್ಚಿದ್ದೆ.

ಪ್ರವಾಹದಲ್ಲಿ ಆ ಕಡತ ತೆರೆಯಬೇಕಾಯಿತು. ತಿರುವನಂತಪುರದ ಕರಾವಳಿಯಿಂದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು, ಸಮುದ್ರವಿಲ್ಲದ ಊರುಗಳ ಬೀದಿಗಳಿಗೆ ಹೊರಟರು. ಮನೆಗಳ ಮಹಡಿಯಿಂದ ಮುದುಕರನ್ನು, ಬಾಣಂತಿಯರನ್ನು ಇಳಿಸಿ ತಂದರು. ಅವರು ಕೇರಳದ ಸ್ವಂತ ಸೇನೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕರೆದರು. ದೋಣಿಗೆ ದಿನಕ್ಕೆ 3000 ರೂಪಾಯಿ ಎಂದು ಸರ್ಕಾರ ಪ್ರಕಟಿಸಿದಾಗ, ಕೊಚ್ಚಿಯ ಮೀನುಗಾರ ಯುವಕನೊಬ್ಬ, ಜೀವ ಉಳಿಸಿದ್ದಕ್ಕೆ ಹಣ ಬೇಡ ಎಂದು ಹೇಳಿದ ಮಾತು ಎಲ್ಲರ ಮೊಬೈಲುಗಳಲ್ಲೂ ಓಡಾಡಿತು. ಐದು ರೂಪಾಯಿಗೆ ಊರು ಒಂದು ಮಾಡುವವರೇ ಮೂರು ಸಾವಿರ ಬೇಡವೆನ್ನುವವರೂ ಹೇಗಾದರು? ನನ್ನ ಲೆಕ್ಕ ತಾಳೆಯಾಗಲಿಲ್ಲ. ನೀರಿಳಿದ ಮೇಲೆ ಮತ್ತೆ ಫೋರ್ಟ್ ಕೊಚ್ಚಿಗೆ ಹೋದೆ. ಅದೇ ಐದು ರೂಪಾಯಿ, ಅದೇ ಗಲಾಟೆ. ಅವರಿಗೆ ಏನೂ ಆಗಿರಲಿಲ್ಲ. ನನಗೆ ಮಾತ್ರ ಸ್ವಲ್ಪ ಏನೋ ಆಗಿತ್ತು.

ಎರ್ನಾಕುಲಂನಲ್ಲಿ ಬಷೀರ್ ಪುಸ್ತಕದಂಗಡಿ ಇಟ್ಟಿದ್ದರೆಂದು ಓದಿದ್ದೆ. ಮೊದಲು ಅದಕ್ಕೆ ಸರ್ಕಲ್ ಬುಕ್ ಹೌಸ್ ಎಂದು ಹೆಸರು, ಆಮೇಲೆ ಬಷೀರ್ಸ್ ಬುಕ್ ಸ್ಟಾಲ್. ಅದಕ್ಕೂ ಮೊದಲು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರಿದ್ದರಂತೆ. ನಮ್ಮ ಕಾದಂಬರಿಕಾರ ಗಳಗನಾಥರು ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದವರು. ಇಬ್ಬರೂ ಎದುರಾಗಿದ್ದರೆ ಯಾರು ಯಾರಿಗೆ ಮಾರುತ್ತಿದ್ದರೋ! ಹಮಾಲಿಯ ಕೆಲಸಕ್ಕೂ ಸಾಹಿತ್ಯಕ್ಕೂ ಹಳೆಯ ನಂಟಿದೆ ಎಂದು ಆಗ ತಮಾಷೆಗೆ ಅಂದುಕೊಂಡಿದ್ದೆ. ಆ ನಂಟು ನನ್ನ ಮನೆ ಬಾಗಿಲಿಗೇ ಬರಲಿದೆ ಎಂದು ಗೊತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ, 2022ರಲ್ಲಿ, ತಿರುವನಂತಪುರಕ್ಕೆ ವರ್ಗವಾಯಿತು. ನಿವೃತ್ತಿಗೆ ಮೊದಲಿನ ಕೊನೆಯ ಊರು. ಲಾರಿ ಮನೆಯ ಮುಂದೆ ನಿಲ್ಲುತ್ತಿದ್ದಂತೆ ನೀಲಿ ಅಂಗಿಯ ನಾಲ್ವರು ಹಾಜರಾದರು. ನಾನೂ ತಯಾರಾಗಿದ್ದೆ. ನಿಷೇಧವಾದ ತಾರೀಖನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವರಲ್ಲಿ ಹಿರಿಯ, ನರೆತ ಮೀಸೆಯವನು, ನನ್ನ ಭಾಷಣವನ್ನು ತಾಳ್ಮೆಯಿಂದ ಪೂರ್ತಿ ಕೇಳಿದ. ಆಮೇಲೆ, ನೋಡಿದ್ದಕ್ಕೆ ಕೇಳುತ್ತಿಲ್ಲ ಸಾರ್, ಎತ್ತುವುದಕ್ಕೆ ಕೇಳುತ್ತಿದ್ದೇವೆ ಎಂದು ಹೇಳಿ ಒಂದು ಮೊತ್ತ ಹೇಳಿದ. ನಾನು ಅರ್ಧ ಹೇಳಿದೆ. ಅವನು ಆಕಾಶ ನೋಡಿದ. ಆಕಾಶದಲ್ಲಿ ಮೋಡವಿತ್ತು. ಪೂರ್ತಿ ಒಪ್ಪಿಕೊಂಡೆ.

ಎಲ್ಲ ಇಳಿದ ಮೇಲೆ ಕೊನೆಗೆ ಉಳಿದದ್ದು ಒಂದು ಕಬ್ಬಿಣದ ಟ್ರಂಕು. ಕೆಲಸಕ್ಕೆ ಸೇರಿದಾಗ ಅಪ್ಪ ಕೊಡಿಸಿದ್ದು. ನರೆತ ಮೀಸೆಯವನು ಅದನ್ನು ಎತ್ತಿ, "ಚಿನ್ನವಾ?" ಎಂದ. "ಪುಸ್ತಕ" ಎಂದೆ. ಅಷ್ಟು ಹೇಳಿದ್ದೇ ತಡ, ತುಕ್ಕು ಹಿಡಿದ ತಳ ಬಾಯಿಬಿಟ್ಟು ಸಾಹಿತ್ಯವೆಲ್ಲ ಮೆಟ್ಟಿಲಿನ ಮೇಲೆ ಸುರಿಯಿತು. ತಳಕ್ಕೆ ಹಾಸಿದ್ದ ಹಳೆಯ ಕನ್ನಡ ಪತ್ರಿಕೆ ಹರಿದು, ಅದರಡಿಯಿಂದ ರಟ್ಟಿಲ್ಲದ, ಮೊದಲ ಹಾಳೆಗಳನ್ನು ಹುಳ ತಿಂದ ಒಂದು ಪುಸ್ತಕ ಜಾರಿ ಅವನ ಕಾಲ ಬಳಿ ಬಿತ್ತು.

ನಾನು ಬಾಯಿ ತೆರೆದು ದಂಡ ಹಾಕಬೇಕೆನ್ನುವಷ್ಟರಲ್ಲಿ ಅವನು ಬಗ್ಗಿ ಆ ಪುಸ್ತಕ ಎತ್ತಿಕೊಂಡ. ಅಂಗಿಯ ತುದಿಯಿಂದ ಧೂಳು ಒರೆಸಿದ. ಹಾಳೆ ತಿರುಗಿಸಿದ. ಕನ್ನಡದ ಒಂದಕ್ಷರವೂ ಅವನಿಗೆ ಬಾರದು. ಆದರೆ ಒಳಗೊಂದು ಮಸುಕು ಚಿತ್ರವಿತ್ತು: ಬೋಳುತಲೆ, ಬರಿಮೈ, ಆರಾಮ ಕುರ್ಚಿ. ಅವನ ಮುಖ ಅರಳಿತು.

"ಇದ್ ನಮ್ಮುಡೆ ಬಷೀರಲ್ಲೇ, ಸಾರೇ?"

ಇಪ್ಪತ್ತೆಂಟು ವರ್ಷದಿಂದ ಕಳೆದುಹೋಗಿದ್ದ ಪುಸ್ತಕವನ್ನು ಒಬ್ಬ ಹಮಾಲಿ, ಓದಲು ಬಾರದ ಲಿಪಿಯಲ್ಲಿ, ನನಗಿಂತ ಮೊದಲೇ ಗುರುತು ಹಿಡಿದಿದ್ದ. ಉಳಿದ ಮೂವರೂ ಬಂದರು. ಮೆಟ್ಟಿಲ ಮೇಲೆ ಕುಳಿತು, ಬಷೀರ್ ಕನ್ನಡದಲ್ಲಿ ಹೇಗೆ ಕಾಣುತ್ತಾನೆಂದು ಹಾಳೆ ತಿರುಗಿಸಿ ನೋಡಿದರು. ನರೆತ ಮೀಸೆಯವನು ತನ್ನ ಓಣಿಯ ವಾಯನಶಾಲೆಯ ಸದಸ್ಯನಂತೆ. ವಾಯನಶಾಲೆಯೆಂದರೆ ಓದುವ ಮನೆ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅಂಬಲಪ್ಪುಳದಲ್ಲಿ 47 ಊರಗ್ರಂಥಾಲಯಗಳನ್ನು ಕೂಡಿಸಿ ಕಟ್ಟಿದ ಸಂಘ ಎಷ್ಟು ಬೆಳೆಯಿತೆಂದರೆ, ಕೇರಳದಲ್ಲಿ ಇಂಥ ಓದುಮನೆ ಇಲ್ಲದ ಊರನ್ನು ಹುಡುಕಬೇಕು. ಅವನು ಒಂದೊಂದೇ ಕಥೆಯ ಹೆಸರು ಹೇಳಿದ. ನಾನು ಹಿಗ್ಗಿ ನನ್ನ ತರಬೇತಿ ತರಗತಿಯ ಕಥೆ ಎತ್ತಿದೆ: "ಒರು ಮನುಷ್ಯನ್! ಐದು ಪರ್ಸು! ಮಹಾ ಕಳ್ಳ!"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಕಳ್ಳನೋ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಪೇರ್ 'ಮನುಷ್ಯನ್' ಎನ್ನಲ್ಲೇ?" ಎಂದ. ಅದರ ಹೆಸರು ಮನುಷ್ಯ ಎಂದಲ್ಲವೇ? ಟ್ರಂಕಿನ ತಳಕ್ಕೆ ಹಗ್ಗ ಬಿಗಿದುಕೊಟ್ಟು, ಕೂಲಿಯನ್ನು ಪೂರ್ತಿ ಎಣಿಸಿಕೊಂಡು ಹೋದ. ಒಂದು ರೂಪಾಯಿ ಬಿಡಲಿಲ್ಲ.

ಮರುದಿನ ಪುಸ್ತಕ ಹಿಡಿದುಕೊಂಡು ತಂಪಾನೂರಿನ ಇಂಡಿಯನ್ ಕಾಫಿ ಹೌಸಿಗೆ ಹೋದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ ಆ ಇಟ್ಟಿಗೆಯ ಸುರುಳಿಯನ್ನು ನೋಡಿದವರು ಮರೆಯಲಾರರು. ಒಳಗೆ ಮಹಡಿಗಳೇ ಇಲ್ಲ. ನೆಲ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತ ಮೇಲೇರುತ್ತದೆ, ಅದರ ಉದ್ದಕ್ಕೂ ಗೋಡೆಯ ಬದಿಯಲ್ಲಿ ಕಟ್ಟಿದ ಮೇಜು, ಬೆಂಚು. ಬೀಸಣಿಗೆಯಂತೆ ಮಡಿಸಿದ ಪೇಟದ ಮಾಣಿಗಳು ಏರುತ್ತ ಇಳಿಯುತ್ತ ಇರುತ್ತಾರೆ. ಕಾಫಿ ಮಂಡಳಿ ತನ್ನ ಹೋಟೆಲುಗಳನ್ನು ಮುಚ್ಚಿ ಕೆಲಸಗಾರರನ್ನು ಕೈಬಿಟ್ಟಾಗ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಅದೇ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ನಡೆಸಿದ ಹೋಟೆಲುಗಳಿವು. ಕೇರಳದಲ್ಲಿ ಮೊದಲನೆಯದು 1958ರಲ್ಲಿ ತ್ರಿಶ್ಶೂರಿನಲ್ಲಿ ಶುರುವಾಯಿತು.

ಇಲ್ಲಿನ ಮಸಾಲೆ ದೋಸೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅದರೊಳಗೆ ಬೀಟ್‌ರೂಟ್ ಇರುತ್ತದೆ. ದೋಸೆ ಮುರಿದೊಡನೆ ಹೊರಬಂದ ಕೆಂಪನ್ನು ಮೊದಲ ಸಲ ಕಂಡಾಗ, ಆಲೂಗಡ್ಡೆ ಪಲ್ಯದ ಹಳದಿಯನ್ನು ಧರ್ಮವೆಂದು ನಂಬಿ ಬೆಳೆದ ನಾನು ಕೊಲೆ ನಡೆದ ಜಾಗದಿಂದೆಂಬಂತೆ ಎದ್ದು ಬಂದಿದ್ದೆ. ಕನ್ನಡಿಗ ಬೇರೆ ಏನನ್ನಾದರೂ ಬಿಟ್ಟುಕೊಡಬಹುದು, ದೋಸೆಯ ಒಳಗನ್ನು ಬಿಟ್ಟುಕೊಡುವುದು ಕಷ್ಟ. ಆದರೆ ಆ ದಿನ ಓದುತ್ತ ಕುಳಿತವನು ಗಮನವಿಲ್ಲದೆ ಇಡೀ ದೋಸೆ ತಿಂದುಬಿಟ್ಟೆ. ಸಿಹಿಯಿತ್ತು, ಚೆನ್ನಾಗಿಯೂ ಇತ್ತು. ನಾಲ್ಕು ವರ್ಷ ನಾನು ದೋಸೆಯನ್ನಲ್ಲ, ಅದು ನನ್ನ ಊರಿನದಲ್ಲ ಎಂಬುದನ್ನೇ ಅಗಿಯುತ್ತಿದ್ದೆ.

ಗಮನವೆಲ್ಲ ಇದ್ದದ್ದು ಕಥೆಯ ಮೇಲೆ. ಓದುತ್ತ ಹೋದಂತೆ ಬೆವರತೊಡಗಿದೆ. ಚಪಾತಿ, ಮಾಂಸ, ಚಹಾ ಸೇರಿ ಹನ್ನೊಂದಾಣೆಯ ಬಿಲ್ಲು. ಕಳೆದುಹೋದ ಪರ್ಸಿನಲ್ಲಿ ಅವನ ಜೀವಮಾನದ ಗಳಿಕೆ, ಹದಿನಾಲ್ಕು ರೂಪಾಯಿ. ಕೋಟು, ಅಂಗಿ, ಬೂಟು ಬಿಚ್ಚಿಸಿ ಇನ್ನು ಷರಾಯಿಗೆ ಕೈ ಬರುವಾಗ ಬಂದು ಬಿಡಿಸಿದ ಕೆಂಪು ಪೇಟದ, ನೀಲಿ ಕಣ್ಣಿನ ಎತ್ತರದ ಆಳು. ಜನರಿಲ್ಲದ ಸೇತುವೆಗೆ ಕರೆದೊಯ್ದು ಐದು ಪರ್ಸು ತೋರಿಸಿದ್ದು. ಇಲ್ಲಿಯವರೆಗೆ ನನ್ನ ನೆನಪು ಸರಿಯಾಗಿತ್ತು. ಇಲ್ಲಿಗೆ ಮುಗಿಯುತ್ತದೆ ಎಂದೇ ನಾನು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇದರಲ್ಲಿ ನಿನ್ನದು ಯಾವುದು ಎಂದು ಅವನು ಕೇಳುತ್ತಾನೆ. ತೆರೆದು ನೋಡಿದರೆ ದುಡ್ಡು ಹಾಗೇ ಇದೆ. ಪರ್ಸನ್ನು ವಾಪಸು ಕೊಟ್ಟು, ದೇವರು ನಿನಗೆ ಒಳ್ಳೆಯದು ಮಾಡಲಿ ಎಂದು ಹರಸಿ ಕಳಿಸುತ್ತಾನೆ. ಇವನೂ ಅವನನ್ನು ಹಾಗೇ ಹರಸುತ್ತಾನೆ. ಇಷ್ಟನ್ನೂ ನಾನು ಮರೆತಿದ್ದೆ. ಓದಿದಾಗ ಕಣ್ಣು ತುಂಬಿದ್ದ ಹುಡುಗ ಎಲ್ಲೋ ಉದುರಿಹೋಗಿ, ಮ್ಯಾನೇಜರ್ ಒಬ್ಬನೇ ಉಳಿದು, ಕಳವನ್ನು ಇಟ್ಟುಕೊಂಡು ದಯೆಯನ್ನು ಕೈಬಿಟ್ಟಿದ್ದ. ನೂರಾರು ಎಳೆಯರಿಗೆ ಕಥೆಯ ಜೇಬು ಕತ್ತರಿಸಿ ತೋರಿಸಿದ್ದೆ.

ಬಾಲ್ಯದಲ್ಲಿ ಕೇಳಿದ ಇನ್ನೊಂದು ಕಥೆ ನೆನಪಾಯಿತು. ಧರ್ಮರಾಯನನ್ನೂ ದುರ್ಯೋಧನನನ್ನೂ ಊರಿಗೆ ಕಳಿಸಿದರಂತೆ. ಒಳ್ಳೆಯವನೊಬ್ಬನನ್ನು ಹುಡುಕಿ ತಾ ಎಂದರೆ ದುರ್ಯೋಧನನಿಗೆ ಒಬ್ಬನೂ ಸಿಗಲಿಲ್ಲ; ಕೆಟ್ಟವನನ್ನು ತಾ ಎಂದರೆ ಧರ್ಮರಾಯನಿಗೆ ಒಬ್ಬನೂ ಸಿಗಲಿಲ್ಲ. ಧರ್ಮರಾಯನಂತೆ ನೋಡಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನನಗೆ ಯಾವಾಗಲೂ ಅನುಮಾನ. ಧರ್ಮರಾಯನನ್ನು ಸಾಲ ಕೊಡುವ ಮೇಜಿಗೆ ಕೂರಿಸಿದರೆ ಮೂರೇ ತಿಂಗಳಲ್ಲಿ ಶಾಖೆ ಮುಚ್ಚಬೇಕು. ಶಕುನಿಯ ಕೈಯಲ್ಲಿ ದಾಳ ಕಂಡೂ ಕೆಟ್ಟದ್ದು ಕಾಣದೆ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಒತ್ತೆಯಿಟ್ಟವನು ಅವನೇ ತಾನೆ? ಹಾಗೆಂದು ದುರ್ಯೋಧನನಾಗಿ ಬದುಕಿದರೆ ಉಪ್ಪಿನಕಾಯಿಯೂ ರುಚಿಸದು, ಅದನ್ನು ನಾನೇ ಅನುಭವಿಸಿದ್ದೆ. ಇಬ್ಬರದೂ ಒಂದೇ ತಪ್ಪು. ಒಳ್ಳೆಯವರು ಬೇರೆ ಓಣಿ, ಕೆಟ್ಟವರು ಬೇರೆ ಓಣಿ ಎಂದುಕೊಂಡು ಹುಡುಕಲು ಹೊರಟದ್ದು. ಬಷೀರ್ ಐದು ಪರ್ಸುಗಳನ್ನೂ ಎಣಿಸುತ್ತಾರೆ, ಒಂದನ್ನೂ ಮುಚ್ಚಿಡುವುದಿಲ್ಲ. ಅದೇ ಜೇಬಿನಿಂದ ಹೊರಬಂದ ದಯೆಯನ್ನೂ ಎಣಿಸುತ್ತಾರೆ. ಆಮೇಲೆ ಹೆಸರಿಡುವಾಗ ಕಳ್ಳನೆಂದೂ ಬರೆಯಲಿಲ್ಲ, ಪುಣ್ಯಾತ್ಮನೆಂದೂ ಬರೆಯಲಿಲ್ಲ.

ತಿರುವನಂತಪುರದ ಪೂಜಪ್ಪುರದಲ್ಲಿ ಸೆಂಟ್ರಲ್ ಜೈಲಿದೆ. ತಿರುವಾಂಕೂರಿನ ದಿವಾನ ಸಿ. ಪಿ. ರಾಮಸ್ವಾಮಿ ಅಯ್ಯರರ ವಿರುದ್ಧ ಬರೆದದ್ದಕ್ಕೆ ಬಷೀರರನ್ನು ಈ ಊರಿನ ಜೈಲಿಗೆ ಹಾಕಿದ್ದರು. 1943ರಲ್ಲಿ ಪ್ರಕಟವಾದ 'ಪ್ರೇಮಲೇಖನಂ' ಎಂಬ ನಗೆಯುಕ್ಕಿಸುವ ಪ್ರೇಮಕಥೆಯನ್ನು ಅವರು ಬರೆದದ್ದು ಸೆರೆಯಲ್ಲೇ. ಗೋಡೆಯಾಚೆಯ ಹೆಂಗಸರ ಜೈಲಿನಿಂದ ದನಿ ಮಾತ್ರ ಕೇಳುವ ನಾರಾಯಣಿಯನ್ನು, ಮುಖ ಕಾಣದೆಯೇ ಒಬ್ಬ ಪ್ರೀತಿಸುವ 'ಮದಿಲುಗಳ್' ಹುಟ್ಟಿದ್ದೂ ಈ ಸೆರೆವಾಸದ ನೆನಪಿನಿಂದ. ಅಡೂರ್ ಗೋಪಾಲಕೃಷ್ಣನ್ ಅದನ್ನು ಸಿನಿಮಾ ಮಾಡಿದರು. ಬಷೀರರಾಗಿ ಮಮ್ಮುಟ್ಟಿ ಇದ್ದರು, ನಾರಾಯಣಿಯಾಗಿ ಒಂದು ದನಿ ಮಾತ್ರ ಇತ್ತು. ನೋಡದೆಯೇ ಒಳ್ಳೆಯದನ್ನು ಕಂಡವನ ಕಥೆ. ನೋಡಿ ನೋಡಿಯೇ ಕಾಣದವನ ಕಥೆ ನನ್ನದು.

ಈಗ ಪೂಜಪ್ಪುರ ಜೈಲಿನ ಕೈದಿಗಳು ತಯಾರಿಸಿದ ಚಪಾತಿ ಹೊರಗೆ ಮಾರಾಟಕ್ಕೆ ಸಿಗುತ್ತದೆ. ಶುರುವಾದಾಗ ಒಂದಕ್ಕೆ ಎರಡು ರೂಪಾಯಿ ಇತ್ತು. ಒಂದು ಸಂಜೆ ನಾನೂ ಸಾಲಿನಲ್ಲಿ ನಿಂತೆ. ನಿಂತವನು ಅಭ್ಯಾಸಬಲದಿಂದ, ಕೌಂಟರಿನ ಆಚೆ ಇರುವವರಲ್ಲಿ ಯಾರು ಕೈದಿ, ಯಾರು ಕಾವಲಿನವರು ಎಂದು ಮುಖಗಳನ್ನು ಓದತೊಡಗಿದೆ. ಮೂವತ್ತಾರು ವರ್ಷದ ಅನುಭವವನ್ನೆಲ್ಲ ಸುರಿದರೂ ತಿಳಿಯಲಿಲ್ಲ. ಸರದಿ ಬಂತು. ಪೊಟ್ಟಣವೂ ಚಿಲ್ಲರೆಯೂ ಕೈಗೆ ಬಂದವು. ಪಕ್ಕಕ್ಕೆ ಬಂದು ಚಿಲ್ಲರೆಯನ್ನು ಎರಡು ಸಲ ಎಣಿಸಿದೆ. ಸರಿಯಾಗಿತ್ತು. ನಾಚಿಕೆಯಾಯಿತು. ಆದರೂ, ಎಣಿಸಬಾರದಿತ್ತು ಎಂದು ಹೇಳಲಾರೆ. ಎಣಿಸುವುದು ತಪ್ಪಲ್ಲ, ಎಣಿಸಿ ಸರಿ ಬಂದಾಗ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ತಪ್ಪು.

ಆ ರಾತ್ರಿ ಚಪಾತಿ ತಿನ್ನುತ್ತ ಪುಸ್ತಕದ ಉಳಿದ ಕಥೆಗಳಿಗೆ ಹೋದೆ. ಮೂವತ್ತಮೂರನೇ ಪುಟದ ಅಡಿಯಲ್ಲಿ, ಹೊಲಿಗೆಗೆ ಅಂಟಿದಂತೆ, ನೇರಳೆ ಶಾಯಿಯ ಸಣ್ಣ ಅಕ್ಷರದಲ್ಲಿ ಒಂದು ಹೆಸರು ಕಂಡಿತು. ಗ್ರಂಥಾಲಯದವರು ಒಳಗಿನ ಯಾವುದೋ ಒಂದು ಪುಟದಲ್ಲಿ ಗುಟ್ಟಾಗಿ ಮುದ್ರೆ ಒತ್ತುತ್ತಾರಲ್ಲ, ಹಾಗೆ. ಶಾಲೆಯ ಗ್ರಂಥಾಲಯದ ಜವಾಬ್ದಾರಿ ಹೊತ್ತಿದ್ದ ಮೇಷ್ಟ್ರು ತನ್ನ ಸ್ವಂತ ಪುಸ್ತಕಗಳಿಗೂ ಆ ಪದ್ಧತಿ ಇಟ್ಟುಕೊಂಡಿದ್ದ. ಹೆಸರು ಅವನದು.

ಹೆಂಡತಿಗೆ ತೋರಿಸಿದೆ. ಅವಳು ನೋಡಿ, "ಪಟ್ಟಿ ಸಿಕ್ಕಿತಲ್ಲ" ಎಂದು ಒಳಗೆ ಹೋದಳು.

ಬೆಳಿಗ್ಗೆ ಆರೂವರೆಗೆ ಸಾಗರಕ್ಕೆ ಫೋನು ಮಾಡಿದೆ.

"ಎಂತ ಮಾರಾಯ, ಇಷ್ಟು ಬೆಳಿಗ್ಗೆ?"

"ಬಷೀರ್ ಸಿಕ್ಕಿದ. ನನ್ನ ಟ್ರಂಕಿನಲ್ಲೇ ಇದ್ದ. ಮೂವತ್ತಮೂರನೇ ಪುಟದಲ್ಲಿ ನಿನ್ನ ಹೆಸರಿದೆ."

ಆಚೆ ಕಡೆ ಲೋಟ ಕೆಳಗಿಟ್ಟ ಸದ್ದು. "ನಿನ್ನ ಹತ್ರ ಇದೆ ಅಂತ ನಂಗೆ ಗೊತ್ತಿತ್ತು."

"ಗೊತ್ತಿದ್ದರೆ ಕೇಳಬಾರದಿತ್ತಾ?"

"ಕೇಳೋದು ಹೆಂಗೆ? ನೀ ಬಂದಾಗೆಲ್ಲ ಕೈ ಹಿಂದೆ ಕಟ್ಕೊಂಡು ನನ್ನ ಕಪಾಟು ನೋಡ್ತಾ ನಿಲ್ತಿದ್ದೆ. ಇನ್ನೊಂದು ಹೋಗ್ತದೇನೋ ಅಂತ, ನೀ ಹೋದ ಮೇಲೆ ನಾನು ಪುಸ್ತಕ ಎಣಿಸ್ತಿದ್ದೆ."

ನನಗೆ ಮಾತು ಹೊರಡಲಿಲ್ಲ. ಕೊನೆಗೆ ಕೇಳಿದೆ: "ನನ್ನನ್ನು ಕಳ್ಳ ಅಂದುಕೊಂಡೂ ವರ್ಷಾ ವರ್ಷಾ ಅಪ್ಪೆಮಿಡಿ ಯಾಕೆ ಕಳಿಸಿದೆ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?" ಎಂದ ಮೇಷ್ಟ್ರು. ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು.

2024ರಲ್ಲಿ ನಿವೃತ್ತನಾದೆ. ಈಗ ಪಾಠ ಹೇಳಲು ಹುಡುಗರಿಲ್ಲ. ಇದ್ದಿದ್ದರೆ ಕಥೆಯನ್ನು ಪೂರ್ತಿ ಹೇಳಿ, ಕೊನೆಗೆ ಜೇಬು ನೋಡಿಕೊಳ್ಳಿ ಎಂದೂ ಹೇಳುತ್ತಿದ್ದೆ. ಮೇಷ್ಟ್ರು ಅಪ್ಪೆಮಿಡಿ ಕಳಿಸುವುದನ್ನು ನಿಲ್ಲಿಸಿಲ್ಲ. ಪುಸ್ತಕವನ್ನು ಅಂಚೆಯಲ್ಲಿ ಕಳಿಸು ಎಂದಿದ್ದಾನೆ. ಕಂದು ಕಾಗದ ಸುತ್ತಿ, ದಾರ ಕಟ್ಟಿ, ವಿಳಾಸವನ್ನೂ ಬರೆದಿದ್ದೇನೆ. ಕಟ್ಟಿದ ದಾರವನ್ನು ಇಲ್ಲಿಯವರೆಗೆ ಮೂರು ಸಲ ಬಿಚ್ಚಿದ್ದೇನೆ. ನಿಮ್ಮಲ್ಲಿ ಯಾರಾದರೂ ಸಾಗರದ ಕಡೆ ಹೋಗಿ ಅವನನ್ನು ಕಂಡರೆ, ಪುಸ್ತಕ ಅಂಚೆಗೆ ಬಿದ್ದಿದೆ ಎಂದು ದಯವಿಟ್ಟು ಹೇಳಿ.